ಅತ್ತೆಯ ಮಾತಿಗೆ ಕಿವಿ ಹುಡುಕಿದವಳು

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ನಾವು ಹದಿನೆಂಟು ಜನ. ಮೇಲಿನ ಏಳು ಮಹಡಿಗಳಲ್ಲಿ ಮಲಗಿದವರ ಹಾಸುಬಟ್ಟೆ, ಹೊದಿಕೆ, ದಿಂಬಿನ ಗವಸು, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ಎಲ್ಲವೂ ಗಾಡಿ ತುಂಬಿ ಇಳಿದು ಬಂದು, ಒಗೆಸಿಕೊಂಡು, ಒಣಗಿ, ಬಿಸಿ ಉರುಳೆಗಳ ನಡುವೆ ಇಸ್ತ್ರಿಯಾಗಿ ಮತ್ತೆ ಗಾಡಿ ಹತ್ತಿ ಹೋಗುತ್ತಿದ್ದವು. ಹದಿನೆಂಟು ಜನರ ನಡುವೆ ಹನ್ನೊಂದು ಭಾಷೆ. ಬೇರೆ ಬೇರೆ ದೇಶಗಳಿಂದ, ಬೇರೆ ಬೇರೆ ಕಾರಣಕ್ಕೆ ಬಂದವರು. ಈ ದೇಶದ ಭಾಷೆ ಎಲ್ಲರಿಗೂ ಬರುತ್ತಿತ್ತು. ಆದರೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಯಂತ್ರಗಳ ಗದ್ದಲದಲ್ಲಿ ಯಾರು ಏನೆಂದರೂ ಸರಿಯಾಗಿ ಕೇಳಿಸುತ್ತಿರಲಿಲ್ಲವಾದ್ದರಿಂದ ನಮ್ಮಲ್ಲಿ ಜಗಳವೂ ಕಡಿಮೆ.

ನಾನು ಮಡಿಸುವ ಮೇಜಿನವಳು. ನನ್ನ ಬಲಕ್ಕೆ, ಕಿಟಕಿಯಿಲ್ಲದ ಮೂಲೆಯಲ್ಲಿ, ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದವಳ ಕಥೆ ಇದು. ಹರಿದ ಬಟ್ಟೆಗೆ ತೇಪೆ ಹಾಕುವುದು ಅವಳ ಕೆಲಸ. ಹಾಗಾಗಿ ಎಲ್ಲರೂ ಅವಳನ್ನು ತೇಪೆ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಚಿಕ್ಕವರು ತೇಪೆಯಕ್ಕ ಎನ್ನುತ್ತಿದ್ದರು. ಒಂದು ಹಾಸುಬಟ್ಟೆಯನ್ನು ಬೆಳಕಿಗೆ ಹಿಡಿದರೆ ಸಾಕು, ಇದು ಇನ್ನೊಂದು ವರ್ಷ ಬಾಳುತ್ತದೆ, ಇದು ಧೂಳೊರೆಸುವ ಬಟ್ಟೆಯಾಗಲಿಕ್ಕೆ ಲಾಯಕ್ಕು ಎಂದು ಹೇಳಿಬಿಡುತ್ತಿದ್ದಳು.

ಅವಳು ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಮದುವೆಯಾಗಿ ಈ ದೇಶಕ್ಕೆ ಬಂದವಳು. ಬಂದ ಮೂರನೇ ತಿಂಗಳಿಗೇ ಲಾಂಡ್ರಿ ಸೇರಿದಳು. ಆಗ ಅವಳಿಗೆ ಇಲ್ಲಿನ ಭಾಷೆಯಲ್ಲಿ ಬರುತ್ತಿದ್ದುದು ನಾಲ್ಕೇ ಮಾತು: ಹೌದು, ಇಲ್ಲ, ದಾರ, ಮುಗೀತು. ಮೊದಲ ಆರು ತಿಂಗಳು ಅವಳು ಮಾತಾಡಲಿಲ್ಲ, ಬರೀ ಕೇಳಿದಳು. ಅದರಿಂದ ಅವಳಿಗೊಂದು ವಿಚಿತ್ರ ವಿದ್ಯೆ ಕೈಗೆ ಹತ್ತಿತು. ಒಂದಕ್ಷರ ಅರ್ಥವಾಗದಿದ್ದರೂ ಯಾರ ಭಾಷೆ ಯಾವುದು ಎಂದು ಗುರುತು ಹಿಡಿಯುತ್ತಿದ್ದಳು. "ಅವಳದು ಮೆಟ್ಟಿಲಿಳಿದ ಹಾಗೆ ಮುಗಿಯುತ್ತೆ, ಇವನದು ಬಾಗಿಲು ಹಾಕಿದ ಹಾಗೆ" ಎಂದು ಒಮ್ಮೆ ನನಗೆ ಹೇಳಿದ್ದಳು. ನಾನು ನಕ್ಕಿದ್ದೆ. ನನ್ನದು ಹೇಗೆ ಎಂದು ಕೇಳಿದೆ. "ನಿಂದು ಯಾವಾಗಲೂ ದೂರು ಹೇಳಿದ ಹಾಗೆ" ಎಂದಳು.

ಮನೆಯಲ್ಲಿ ಅವಳು, ಅವಳ ಗಂಡ, ಅತ್ತೆ. ಗಂಡ ದೂರದೂರುಗಳಿಗೆ ಸರಕು ಲಾರಿ ಓಡಿಸುವವನು. ವಾರದಲ್ಲಿ ಐದು ದಿನ ರಸ್ತೆಯ ಮೇಲೆ. ಮಕ್ಕಳಿರಲಿಲ್ಲ. ಹಾಗಾಗಿ ಆ ಎರಡು ಕೋಣೆಯ ಮನೆಯಲ್ಲಿ, ಒಬ್ಬರು ತಿರುಗಿದರೆ ಇನ್ನೊಬ್ಬರು ಗೋಡೆಗೆ ಒರಗಬೇಕಾದ ಅಡುಗೆಮನೆಯಲ್ಲಿ, ಇಪ್ಪತ್ತೊಂದು ವರ್ಷ ಮುಖಾಮುಖಿಯಾಗಿದ್ದವರು ಅತ್ತೆ-ಸೊಸೆ ಇಬ್ಬರೇ. ಸೌಟು ಯಾವ ಮೊಳೆಗೆ ತೂಗಬೇಕು, ಕಿಟಕಿ ಎಷ್ಟು ತೆರೆಯಬೇಕು, ಟವೆಲ್ ಮೂರು ಮಡಿಕೆಯೋ ನಾಲ್ಕೋ, ಇಂಥ ವಿಷಯಗಳಲ್ಲಿ ಅವರಿಬ್ಬರಿಗೂ ಒಮ್ಮತ ಎಂಬುದೇ ಇರಲಿಲ್ಲ. ದಿನಾ ಬೆಳಗ್ಗೆ ತೇಪೆ ಕೆಲಸಕ್ಕೆ ಬಂದು ಯಂತ್ರದ ಹೊದಿಕೆ ತೆಗೆಯುವಾಗಲೇ, "ಇವತ್ತು ನಮ್ಮತ್ತೆ ಏನಂದ್ರು ಗೊತ್ತಾ" ಎಂದು ಶುರುಮಾಡುವಳು. ನಮಗೆಲ್ಲ ಅದೊಂದು ದಿನಪತ್ರಿಕೆ ಓದಿದ ಹಾಗೆ.

ಅತ್ತೆಗೆ ಎಪ್ಪತ್ನಾಲ್ಕು. ಗಂಡ ಮತ್ತು ಮಗನ ಜೊತೆ ಈ ದೇಶಕ್ಕೆ ಬಂದು ಮೂವತ್ತೈದು ವರ್ಷವಾಗಿತ್ತು. ಆ ಗಂಡ ತೀರಿಕೊಂಡೂ ಬಹಳ ಕಾಲವಾಗಿತ್ತು. ಮನೆಯಲ್ಲಿ ಆಡುತ್ತಿದ್ದುದು ತೇಪೆಯ ತಾಯ್ನುಡಿಯನ್ನೇ. ಆದರೆ ಅತ್ತೆಯ ಬಾಯಲ್ಲಿ ಅದು ಸ್ವಲ್ಪ ಗಡುಸು. ಕೆಲವು ಅಕ್ಷರಗಳು ನಾಲಿಗೆಗೆ ತಾಗಿಯೂ ತಾಗದ ಹಾಗೆ. ಯಾವುದೋ ಮೂಲೆಯ ಹಳ್ಳಿಯ ಧಾಟಿ ಇರಬೇಕೆಂದು ತೇಪೆ ತಿಳಿದಿದ್ದಳು. ನಿಮ್ಮ ತವರು ಯಾವುದು ಎಂದು ಕೇಳಿದರೆ ಅತ್ತೆ "ಹೊಳೆಯಾಚೆ" ಎನ್ನುವಳು. ಅಷ್ಟಕ್ಕೇ ಮಾತು ಮುಗಿಯುತ್ತಿತ್ತು.

ಒಂದು ಸೋಮವಾರ ಬೆಳಗ್ಗೆ ಏಳು ಗಂಟೆಗೆ ಅತ್ತೆಯ ಬಲಗೈಯಿಂದ ಪಾತ್ರೆಯ ಮುಚ್ಚಳ ಜಾರಿತು. ತೇಪೆ ಬಗ್ಗಿ ಎತ್ತಿಕೊಡುವಷ್ಟರಲ್ಲಿ ಅತ್ತೆಯೇ ಜಾರಿದಳು. ತಲೆ ನೆಲಕ್ಕೆ ಬಡಿಯದ ಹಾಗೆ ತೇಪೆ ತನ್ನ ತೊಡೆ ಒಡ್ಡಿದಳು. ಆಂಬುಲೆನ್ಸ್ ಬಂದು ಕರೆದೊಯ್ದದ್ದು ನಮ್ಮದೇ ಆಸ್ಪತ್ರೆಗೆ, ಐದನೇ ಮಹಡಿಗೆ.

ಮಿದುಳಿನಲ್ಲಿ ಸಣ್ಣದೊಂದು ರಕ್ತನಾಳ ಕಟ್ಟಿಕೊಂಡಿತ್ತು. ಬೇಗ ಕರೆತಂದದ್ದು ಒಳ್ಳೆಯದಾಯಿತು ಎಂದರು. ಮೂರನೇ ದಿನಕ್ಕೆ ಬಲಗೈ ಆಡತೊಡಗಿತು. ಐದನೇ ದಿನಕ್ಕೆ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದಳು. ಆದರೆ ಮಾತು ಕೆಟ್ಟಿತ್ತು. ಬಾಯಿ ತೆರೆದರೆ ಸದ್ದಿನ ಮೇಲೆ ಸದ್ದು, ಒಂದಕ್ಕೂ ತಲೆಬುಡ ಇಲ್ಲ. "ಕೈ ಎತ್ತಿ ಅತ್ತೆ" ಎಂದರೆ ದಿಂಬು ನೋಡುವಳು. ಆಸ್ಪತ್ರೆಯವರು ಫೋನಿನಲ್ಲಿ ದುಭಾಷಿಯೊಬ್ಬಳನ್ನು ಹಿಡಿದು, ಮನೆಭಾಷೆಯಲ್ಲಿ ಮಾತಾಡಿಸಿ ನೋಡಿದರು. ಆಕೆ ಐದು ನಿಮಿಷ ಕೇಳಿಸಿಕೊಂಡು, "ಕ್ಷಮಿಸಿ, ಇದು ನಮ್ಮ ಭಾಷೆ ಅಲ್ಲ. ಇದೊಂದು ಭಾಷೆ ಅಂತಲೇ ಅನ್ನಿಸ್ತಿಲ್ಲ" ಎಂದಳು. ಸಾಲದ್ದಕ್ಕೆ ಅತ್ತೆ ರಂಪ ಮಾಡುತ್ತಿದ್ದಳು. ನರ್ಸುಗಳು ಮಗ್ಗುಲು ಬದಲಿಸಲು ಬಂದಾಗಲೆಲ್ಲ ಮಂಚದ ಕಂಬಿ ಗಟ್ಟಿಯಾಗಿ ಹಿಡಿದು ಕೂಗುವಳು, ಮಲಗಲು ಒಪ್ಪಳು. ಅವಳ ಹಾಳೆಯ ಮೇಲೆ "ಗೊಂದಲ, ಉದ್ರೇಕ" ಎಂದು ಬರೆದಿದ್ದರು.

ಎರಡನೇ ಸೋಮವಾರ ಡಾಕ್ಟರಮ್ಮ ತೇಪೆಯನ್ನು ಕರೆದು ಕೂರಿಸಿಕೊಂಡಳು. ಕೆಟ್ಟವಳಲ್ಲ. ಎರಡು ಪಾಳಿ ಒಟ್ಟಿಗೆ ಮಾಡಿ ಕಣ್ಣಡಿ ಕಪ್ಪಾಗಿದ್ದ ಹೆಣ್ಣುಮಗಳು.

"ನೋಡಿ, ಕೈಕಾಲು ಸರಿಹೋಗ್ತಿದೆ. ಆದರೆ ನೆನಪು, ತಿಳಿವಳಿಕೆ ಹೋಗಿರೋ ಹಾಗೆ ಕಾಣ್ತಿದೆ. ಮನೆಯಲ್ಲಿ ನೀವಿಬ್ಬರೂ ಕೆಲಸಕ್ಕೆ ಹೋಗೋರು. ಇಂಥವರನ್ನ ನೋಡ್ಕೊಳ್ಳೋ ಒಂದು ನಿಲಯ ಇದೆ, ಬೇರೆ ಊರಲ್ಲಿ. ಬಾಗಿಲಿಗೆ ಬೀಗ ಇರುತ್ತೆ, ಹೊರಗೆ ಹೋಗಿ ಕಳೆದುಹೋಗಲ್ಲ."

"ನಮ್ಮತ್ತೆ ಮಾತಾಡ್ತಿದ್ದಾರೆ ಡಾಕ್ಟ್ರೇ" ಎಂದಳು ತೇಪೆ.

"ಮನೆಯವರಿಗೆ ಹಾಗನ್ನಿಸೋದು ಸಹಜ."

"ಇಲ್ಲ. ಅದು ಮಾತೇ. ಒಂದೇ ಸಾಲು ಮತ್ತೆ ಮತ್ತೆ ಬರುತ್ತೆ. ಕೊನೇಲಿ ದನಿ ಏರುತ್ತೆ, ಆಮೇಲೆ ನಾವು ಉತ್ತರ ಕೊಡ್ತೀವಾ ಅಂತ ನಿಂತು ನೋಡ್ತಾರೆ. ಬಡಬಡಿಸೋರು ಉತ್ತರಕ್ಕೆ ಕಾಯಲ್ಲ."

"ಹಾಗಾದರೆ ಯಾವ ಭಾಷೆ ಅದು?"

ತೇಪೆಗೆ ಗೊತ್ತಿರಲಿಲ್ಲ. ಡಾಕ್ಟರಮ್ಮ ಪೆನ್ನು ಮುಚ್ಚಿಟ್ಟಳು. "ಗುರುವಾರ ಮಧ್ಯಾಹ್ನ ಎಲ್ಲರೂ ಕೂತು ತೀರ್ಮಾನ ಮಾಡ್ತೀವಿ. ಅಷ್ಟರೊಳಗೆ ನಿಮಗೇನಾದರೂ ತಿಳಿದರೆ ಬಂದು ಹೇಳಿ" ಎಂದಳು.

ತೇಪೆ ಮೆಟ್ಟಿಲ ಬಳಿ ನಿಂತು ಗಂಡನಿಗೆ ಫೋನು ಮಾಡಿದಳು. ಅವನು ಎರಡು ದಿನದ ದಾರಿಯ ಆಚೆ, ಯಾವುದೋ ಪೆಟ್ರೋಲ್ ಬಂಕಿನಲ್ಲಿದ್ದ.

"ನಿಮ್ಮಮ್ಮಂಗೆ ಬೇರೆ ಯಾವುದಾದ್ರೂ ಭಾಷೆ ಬರ್ತಿತ್ತಾ?"

"ಇಲ್ಲಪ್ಪ." ಆಮೇಲೆ ನೆನಪಾಗಿ, "ನಾನು ಚಿಕ್ಕವನಿದ್ದಾಗ ನಿದ್ದೆಯಲ್ಲಿ ಏನೋ ಬಡಬಡಿಸೋಳು. ಒಂದಿನ ಏನಮ್ಮ ಅದು ಅಂತ ಕೇಳಿದ್ದಕ್ಕೆ ಬಾಯಿ ಮೇಲೆ ಹೊಡೆದಳು. ಅವಳು ನನಗೆ ಹೊಡೆದದ್ದು ಅದೊಂದೇ ಸಲ. ಅದಕ್ಕೇ ನೆನಪಿದೆ."

"ಹೊಳೆಯಾಚೆ ಅಂದ್ರೆ ಯಾವ ಹೊಳೆ?"

"ಅಪ್ಪಂಗೆ ಗೊತ್ತಿತ್ತೋ ಏನೋ. ಅವಳು ಏಳೆಂಟು ವರ್ಷದವಳಿದ್ದಾಗ ಚಿಕ್ಕಮ್ಮನ ಜೊತೆ ದೋಣಿ ಹತ್ತಿ ಬಂದಳಂತೆ. ಅಷ್ಟೇ ನಂಗೊತ್ತು."

ಅಷ್ಟು ಸಾಕಾಯಿತು ತೇಪೆಗೆ. ಅತ್ತೆಗೆ ಮೊದಲೊಂದು ಭಾಷೆ ಇತ್ತು. ಆಮೇಲೆ ಕಲಿತದ್ದೆಲ್ಲ ಈ ಪೆಟ್ಟಿನಲ್ಲಿ ಮುಚ್ಚಿಹೋಗಿ ತಳದಲ್ಲಿದ್ದದ್ದು ಮೇಲೆ ಬಂದಿದೆ. ಆ ಸಂಜೆ ಅವಳು ಮಂಚದ ಪಕ್ಕ ಕುಳಿತು, ಅತ್ತೆ ಪದೇ ಪದೇ ಕೂಗುತ್ತಿದ್ದ ಆ ಒಂದು ಸಾಲನ್ನು ಕಲಿತಳು. ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬಹುದಿತ್ತು, ಹಿಡಿದಳು ಕೂಡ. ಆದರೆ ಲಾಂಡ್ರಿಯೊಳಗೆ ಫೋನು ತರುವ ಹಾಗಿಲ್ಲ, ತಂದರೂ ಆ ಸದ್ದಿನಲ್ಲಿ ಕೇಳಿಸದು. ಅಲ್ಲಿ ಏನು ಹೇಳಬೇಕಿದ್ದರೂ ಇನ್ನೊಬ್ಬರ ಕಿವಿಗೆ ಬಾಯಿಟ್ಟು ಹೇಳಬೇಕು. ಹಾಗಾಗಿ ಬಾಯಿಪಾಠ ಮಾಡಿದಳು. "ತೂರ್ ಮೇಲಾ ಕೊಶೆನೀ." ಅವಳ ಕಿವಿಗೆ ಬಿದ್ದದ್ದು ಹಾಗೆ.

ಮಂಗಳವಾರ ಬೆಳಗ್ಗೆಯಿಂದ ಅವಳು ಆ ಸಾಲನ್ನು ಹೊತ್ತುಕೊಂಡು ಲಾಂಡ್ರಿಯ ಒಬ್ಬೊಬ್ಬರ ಬಳಿಯೂ ಹೋದಳು. ಬೀದಿಯಲ್ಲಿ ಸಿಕ್ಕಿದ ಕೀಲಿಕೈ ಯಾರದೆಂದು ಮನೆಮನೆ ಕೇಳಿದ ಹಾಗೆ. ಉರುಳೆಗೆ ಬಟ್ಟೆ ಕೊಡುವ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಗಾಡಿ ತಳ್ಳುವವನು, "ನಮ್ಮ ಕಡೆ ಇದಕ್ಕೆ ಮೇಕೆ ಕಳೆದುಹೋಗಿದೆ ಅಂತ ಅರ್ಥ. ಆದರೆ ನಿಮ್ಮತ್ತೆ ಹಾಗೆ ಹೇಳಿರಲಾರರು" ಎಂದ. "ಹೇಳಿದ್ರೂ ಹೇಳಬಹುದು" ಎಂದಳು ತೇಪೆ, ಆಸೆಯಿಂದ. ಅವನು ಮೇಲೆ ಹೋಗಿ ಮುದುಕಿಯನ್ನು ತನ್ನ ಭಾಷೆಯಲ್ಲಿ ಮಾತಾಡಿಸಿ ಪೆಚ್ಚಾಗಿ ಇಳಿದುಬಂದ. ಸೋಪಿನ ಪುಡಿ ಅಳೆಯುವಾಕೆ ಊಟದ ಬಿಡುವಿನಲ್ಲಿ ಹೊರಗೆ ಹೋಗಿ ತನ್ನ ಅಜ್ಜಿಗೆ ಫೋನು ಮಾಡಿ ಕೇಳಿದಳು. ನಮ್ಮ ಮೇಲ್ವಿಚಾರಕ ಮೊದಲು, "ಕೆಲಸದ ವೇಳೆ ಇದೆಲ್ಲ ಏನು" ಎಂದು ಸಿಡುಕಿದ. ಮಧ್ಯಾಹ್ನ ತಾನೇ ಬಂದು ಇನ್ನೊಂದು ಸಲ ಹೇಳಿಸಿಕೊಂಡು, ಅಡುಗೆ ವಿಭಾಗದ ನಲವತ್ತು ಜನರ ನಡುವೆ ವಿಚಾರಿಸಿ ಬಂದ. ಯಾರಿಗೂ ಗೊತ್ತಿರಲಿಲ್ಲ. ಸಂಜೆಯ ಹೊತ್ತಿಗೆ ನಮಗೆಲ್ಲರಿಗೂ ಆ ಸಾಲು ಬಾಯಿಗೆ ಬಂದಿತ್ತು. ಅರ್ಥ ಮಾತ್ರ ಬಂದಿರಲಿಲ್ಲ.

ಬುಧವಾರ ಮಧ್ಯಾಹ್ನದ ಹೊತ್ತಿಗೆ ತೇಪೆ ಕೇಳುವುದನ್ನು ನಿಲ್ಲಿಸಿದ್ದಳು. ಯಂತ್ರ ತುಳಿಯುತ್ತ ತುಟಿಯಲ್ಲೇ ಆ ಸಾಲನ್ನು ಗುನುಗುತ್ತಿದ್ದಳು.

ಹದಿನೆಂಟು ಜನರಲ್ಲಿ ಕೇಳದೆ ಉಳಿದವನು ಒಬ್ಬನೇ: ಬಾಯ್ಲರ್ ಮಾಮ. ಅವನನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ದಪ್ಪ ಬಾಗಿಲಿನ ಆಚೆ ಒಬ್ಬನೇ ಇದ್ದು ನಮಗೆ ಆವಿ ಕಳಿಸುವುದು ಅವನ ಕೆಲಸ. ಚಹಾಕ್ಕೆ ಹೊರಗೆ ಬಾರ, ಹಬ್ಬ-ಹುಟ್ಟುಹಬ್ಬಕ್ಕೆ ಸೇರ. ಏನು ಕೇಳಿದರೂ ಕೈಸನ್ನೆ. ಬಾಯ್ಲರ್ ಸದ್ದಿಗೆ ಕಿವಿ ಹೋಗಿದೆ ಎಂದು ಕೆಲವರು, ಹುಟ್ಟುಮೂಗ ಎಂದು ಇನ್ನು ಕೆಲವರು. ಅವನ ದಪ್ಪ ಬಟ್ಟೆಯ ಕೈಗವಸು ಎರಡು ತಿಂಗಳಿಗೊಮ್ಮೆ ಹರಿಯುತ್ತಿತ್ತು. ಬಾಗಿಲ ಹೊರಗಿನ ಕೊಕ್ಕೆಗೆ ತೂಗುಹಾಕಿದರೆ ತೇಪೆ ಹೊಲಿದು ಅಲ್ಲೇ ತೂಗುಹಾಕುವಳು. ಅಷ್ಟೇ ಅವರ ನಡುವಿನ ವ್ಯವಹಾರ.

ಆ ದಿನ ಕೊಕ್ಕೆ ಕಿತ್ತುಬಂದಿತ್ತು. ಹಾಗಾಗಿ ಅವಳು ಬಾಗಿಲು ತಳ್ಳಿ ಒಳಗೇ ಹೋದಳು. ಅವನು ಬೆನ್ನು ಮಾಡಿ ಒತ್ತಡದ ಮುಳ್ಳು ನೋಡುತ್ತಿದ್ದ. ಅವಳು ಗವಸುಗಳನ್ನು ಸ್ಟೂಲಿನ ಮೇಲಿಟ್ಟು, ಅಭ್ಯಾಸಬಲದಿಂದ ಆ ಸಾಲು ಗುನುಗುತ್ತಲೇ ತಿರುಗಿದಳು.

"ಕೊಶೆನೀ ಅಲ್ಲ" ಎಂದಿತು ಹಿಂದಿನಿಂದ ಒಂದು ದನಿ. "ಕೋಶ್ನೀ."

ತೇಪೆ ನಿಂತಲ್ಲೇ ನಿಂತಳು. ಆ ಮನುಷ್ಯನ ದನಿಯನ್ನು ಅವಳು ಇಪ್ಪತ್ತು ವರ್ಷದಲ್ಲಿ ಕೇಳಿರಲಿಲ್ಲ.

"ಯಾರು ಹೇಳಿಕೊಟ್ಟರು ನಿಂಗೆ? ತಪ್ಪು ಹೇಳಿಕೊಟ್ಟಿದ್ದಾರೆ."

"ತಪ್ಪು ನಂದೇ ಇರಬೇಕು ಮಾಮ. ಏನು ಹಾಗಂದ್ರೆ?"

ಅವನು ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಮಂಚದ ಕಾಲು ಕುಂಟು."

"ಏನು?"

"ಮಂಚದ ಕಾಲು ಕುಂಟು ಅಂತ. ಅಲುಗಾಡುತ್ತೆ ಅಂತ."

ತೇಪೆ ಅಲ್ಲಿದ್ದ ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತುಬಿಟ್ಟಳು. ಮೊದಲು ನಕ್ಕಳಂತೆ. ಆಮೇಲೆ ಅದು ನಗು ಹೌದೋ ಅಲ್ಲವೋ ಅವಳಿಗೇ ತಿಳಿಯಲಿಲ್ಲವಂತೆ. ಬಾಯ್ಲರ್ ಮಾಮ ಏನು ಮಾಡುವುದೆಂದು ತೋಚದೆ, ಅವಳೇ ಹೊಲಿದು ತಂದ ಗವಸನ್ನು ಕಣ್ಣೊರೆಸಿಕೊಳ್ಳಲು ಕೊಟ್ಟ.

ಪಾಳಿ ಮುಗಿಯುವುದು ನಾಲ್ಕಕ್ಕೆ. ನಾಲ್ಕೂ ಐದಕ್ಕೆ ಅವನು ಅಂಗಿ ಬದಲಿಸಿ, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಹೊರಗೆ ಬಂದ. ಬಾಯಿದ್ದವನನ್ನು ಇಷ್ಟು ವರ್ಷ ಮೂಗನೆಂದುಕೊಂಡಿದ್ದ ನಾಚಿಕೆಗೆ ನಾವೆಲ್ಲ, ಪಾಳಿ ಮುಗಿದಿದ್ದರೂ, ತಲೆ ತಗ್ಗಿಸಿ ಬಟ್ಟೆ ಮಡಿಸಿದೆವು. ಲಿಫ್ಟಿನಲ್ಲಿ ಅವನ ಹಣೆಯಲ್ಲಿ ಬೆವರು. "ಹನ್ನೆರಡು ವರ್ಷ ಆಯ್ತು ಆ ಭಾಷೆ ಆಡಿ" ಎಂದ ತೇಪೆಗೆ. "ಹೆಂಡತಿ ಹೋದಮೇಲೆ ಯಾರ ಹತ್ರ ಆಡೋದು? ಇಲ್ಲಿನ ಭಾಷೆ ನಂಗೆ ಅಷ್ಟಕ್ಕಷ್ಟೆ. ಜನ ನಗ್ತಾರೆ ಅಂತ ಬಾಯಿ ಮುಚ್ಚಿಕೊಂಡೆ. ಈಗ ಅದು ಬರುತ್ತೋ ಇಲ್ವೋ."

"ಅಕ್ಷರ ತಪ್ಪಿದ್ದು ಬೆನ್ನು ಮಾಡಿ ನಿಂತಿದ್ರೂ ಗೊತ್ತಾಯ್ತಲ್ಲ ಮಾಮ, ಬರುತ್ತೆ ಬನ್ನಿ" ಎಂದಳು ಅವಳು.

ಅತ್ತೆ ಕಂಬಿ ಹಿಡಿದು ಕೂತಿದ್ದಳು. ಅವನು ಮಂಚದಿಂದ ಎರಡು ಹೆಜ್ಜೆ ದೂರ ನಿಂತು ಒಂದು ಮಾತು ಹೇಳಿದ. ಬರೀ ಒಂದು ಮಾತು. ಮುದುಕಿಯ ತುಟಿ ನಿಂತಿತು. ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಬಾಗಿಲು ನೋಡಿದಳು, ಔಷಧಿ ಗಾಡಿಯ ಬಳಿ ನಿಂತಿದ್ದ ನರ್ಸನ್ನು ನೋಡಿದಳು. ಬೆರಳಿಂದ ಅವನನ್ನು ಹತ್ತಿರ ಕರೆದು ಪಿಸುದನಿಯಲ್ಲಿ ಏನೋ ಹೇಳಿದಳು. ಅವನ ಮುಖ ಬದಲಾಯಿತು. ಅವನೂ ಪಿಸುದನಿಯಲ್ಲೇ ಉತ್ತರ ಕೊಟ್ಟ. ಮೆಲ್ಲಮೆಲ್ಲನೆ ಅವಳ ದನಿ ಏರಿತು. ಆಮೇಲೆ ಅರ್ಧ ಗಂಟೆ ಅವಳು ಮಾತಾಡುತ್ತಲೇ ಇದ್ದಳು. ಅವನು ಹೂಂಗುಟ್ಟಿದ, ನಡುವೆ ಪದಕ್ಕೆ ತಡಕಾಡಿದ. ತಡಕಾಡಿದಾಗಲೆಲ್ಲ ಅವಳೇ ಪದ ಎತ್ತಿಕೊಟ್ಟಳು.

ಕೊನೆಗೆ ಅವನು ಮಂಡಿಯೂರಿ ಮಂಚದ ಕೆಳಗೆ ನೋಡಿದ. ತಲೆಯ ಕಡೆಯ ಒಂದು ಚಕ್ರದ ತಿರುಪು ಸಡಿಲವಾಗಿ, ಯಾರು ಮುಟ್ಟಿದರೂ ಮಂಚ ಒಂದು ಪಕ್ಕಕ್ಕೆ ವಾಲುತ್ತಿತ್ತು. ಈಗಷ್ಟೇ ಬಿದ್ದು ಏಟು ತಿಂದ ಮುದುಕಿ, ಮತ್ತೆ ಬೀಳುತ್ತೇನೆ ಎಂದು ಒಂಬತ್ತು ದಿನ ಕೂಗಿಕೊಂಡಿದ್ದಳು. ಬಾಯ್ಲರ್ ಮಾಮ ಜೇಬಿನಿಂದ ಸ್ಪ್ಯಾನರ್ ತೆಗೆದು ತಿರುಪು ಬಿಗಿದ. ಕೈಯಿಂದ ಮಂಚ ಅಲುಗಿಸಿ ತೋರಿಸಿದ. ಅತ್ತೆ ತಾನೂ ಒಮ್ಮೆ ಅಲುಗಿಸಿ ನೋಡಿ, ಕಂಬಿ ಬಿಟ್ಟು, ಮಲಗಿ, ನಿದ್ದೆ ಹೋದಳು. ಸಂಜೆ ಐದೂವರೆ. ನರ್ಸು ಬಂದು, "ಏನು ಕೊಟ್ಟಿರಿ?" ಎಂದು ಕೇಳಿದಳು.

ಹೊರಗೆ ಬಂದಮೇಲೆ ತೇಪೆ ಕೇಳಿದಳು. "ಮೊದಲು ಕಿವಿಯಲ್ಲಿ ಏನಂದರು ಮಾಮ?"

"ಮೆಲ್ಲಗೆ ಮಾತಾಡು, ಅವರಿಗೆ ಕೇಳಿಸಿದ್ರೆ ವಾಪಸ್ ಕಳಿಸ್ತಾರೆ ಅಂದರು. ಇಷ್ಟು ದಿನ ತಾನು ಕೂಗ್ತಿದ್ದದ್ದು ಆ ಭಾಷೆಯಲ್ಲೇ ಅಂತ ಅವರಿಗೂ ಆಗಲೇ ಗೊತ್ತಾಗಿದ್ದು."

"ಯಾರು? ಎಲ್ಲಿಗೆ?"

"ಹೊಳೆಯಾಚೆಗೆ. ಆ ಕಾಲದಲ್ಲಿ ನಮ್ಮ ಜನ ಸುಮಾರು ಮಂದಿ ಹಾಗೆ ದಾಟಿದ್ದು. ನಮ್ಮಪ್ಪನೂ ಆಮೇಲೆ ಹಾಗೇ ದಾಟಿದ್ದು. ದಾಟಿದ ಕಡೆ ನಮ್ಮ ಭಾಷೆ ಕೇಳಿಸಿದರೆ ಹಿಡಿದು ವಾಪಸ್ ಅಟ್ಟೋರು. ಅದಕ್ಕೇ ಮಕ್ಕಳಿಗೆ, ಬಾಯಿ ತೆಗೆಯಬೇಡ, ತೆಗೆದ್ರೆ ಅವರ ಭಾಷೆಯಲ್ಲೇ ತೆಗಿ ಅಂತ ಹೇಳಿ ಹೇಳಿ... ನಿಮ್ಮತ್ತೆಗೆ ಅವರ ಚಿಕ್ಕಮ್ಮ ಹೇಳಿದ್ದಂತೆ. ಅರವತ್ತಾರು ವರ್ಷ ತೆಗೆದಿಲ್ಲ. ಗಂಡನ ಹತ್ರ ಕೂಡ."

ತೇಪೆ ಆ ಸಂಜೆ ಮನೆಗೆ ಹೋಗಿ ಸೌಟನ್ನು ಅತ್ತೆ ಹೇಳುತ್ತಿದ್ದ ಮೊಳೆಗೇ ತೂಗುಹಾಕಿದಳಂತೆ. "ಬೇರೇನೂ ಮಾಡೋಕೆ ತೋಚಲಿಲ್ಲ" ಎಂದಳು ನನಗೆ.

ಗುರುವಾರ ಮಧ್ಯಾಹ್ನದ ಸಭೆಗೆ ಡಾಕ್ಟರಮ್ಮ, ಅವಳಿಗಿಂತ ಹಿರಿಯ ಡಾಕ್ಟರೊಬ್ಬರು, ಆಸ್ಪತ್ರೆಯ ಸಮಾಜಸೇವಕಿ, ತೇಪೆ, ದಾರಿಯಲ್ಲಿ ಎಲ್ಲೂ ನಿಲ್ಲದೆ ಬಂದ ಅವಳ ಗಂಡ. ಮಧ್ಯದಲ್ಲಿ ಗಾಲಿಕುರ್ಚಿಯಲ್ಲಿ ಅತ್ತೆ. ಪಕ್ಕದಲ್ಲಿ ಬಾಯ್ಲರ್ ಮಾಮ, ಎರಡು ಕೈಯನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡು.

ನೀವು ಎಲ್ಲಿದ್ದೀರಿ ಎಂದು ಕೇಳಿದರು. ಬಾಯ್ಲರ್ ಮಾಮ ಅನುವಾದಿಸಿದ. "ಆಸ್ಪತ್ರೆಯಲ್ಲಿ. ನಮ್ಮ ಸೊಸೆ ಕೆಲಸ ಮಾಡೋದು ಇಲ್ಲೇ, ಕೆಳಗೆ" ಎಂದಳು. ತಿಂಗಳು, ವಾರ ಸರಿ ಹೇಳಿದಳು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದದ್ದಕ್ಕೆ, "ಯಾಕೆ, ನೂರು ಏನು ತಪ್ಪು ಮಾಡ್ತು?" ಎಂದು ಕೇಳಿದಳು. ಆದರೂ ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಕಳೆಯುತ್ತ ಹೋದಳು. ಅನುವಾದಿಸುತ್ತಿದ್ದ ಬಾಯ್ಲರ್ ಮಾಮನೇ ಎಪ್ಪತ್ತೆರಡರ ಬಳಿ ಎಡವಿ, ಅವಳ ಭಾಷೆಯಲ್ಲೇ ಎಣಿಸಿ ನೋಡಿದ. ಅತ್ತೆ ಅವನನ್ನು ತಿದ್ದಿದಳು. ಹಿರಿಯ ಡಾಕ್ಟರು ಕೆಮ್ಮಿದ ಹಾಗೆ ಮಾಡಿ ನಗು ನುಂಗಿಕೊಂಡರು.

ಡಾಕ್ಟರಮ್ಮ ತೇಪೆಯ ಕಡೆ ಕೈ ತೋರಿಸಿದಳು. "ಇವರು ಯಾರು?"

ಅತ್ತೆ ಉದ್ದವಾಗಿ ಏನೋ ಹೇಳಿದಳು. ಬಾಯ್ಲರ್ ಮಾಮ ತೇಪೆಯ ಮುಖ ನೋಡದೆ, ಮೇಜಿಗೆ ಹೇಳುವವನ ಹಾಗೆ ಹೇಳಿದ. "ನನ್ನ ಸೊಸೆ. ಇಪ್ಪತ್ತೊಂದು ವರ್ಷದಿಂದ ನನ್ನ ಜೊತೆ ಜಗಳ ಆಡ್ತಿದ್ದಾಳೆ. ನಾನು ಬಿದ್ದಾಗ ತೊಡೆ ಕೊಟ್ಟಳು. ಇವಳು ಯಾರು ಅಂತ ಮರೆತುಹೋಗೋದಾದ್ರೆ ನನ್ನನ್ನ ಎಲ್ಲಿಗೆ ಬೇಕಾದ್ರೂ ಕಳಿಸಿ ಅಂತಾರೆ."

ಲಾರಿ ಓಡಿಸುವ ಮಗ ಎದ್ದು ಕಿಟಕಿಯ ಬಳಿ ಹೋಗಿ ನಿಂತ.

ಡಾಕ್ಟರಮ್ಮ ತನ್ನ ಮುಂದಿನ ಹಾಳೆಯಲ್ಲಿ ಒಂದು ಸಾಲನ್ನು ಅಡ್ಡ ಗೆರೆ ಎಳೆದು ಹೊಡೆದುಹಾಕಿದಳು. "ಬುದ್ಧಿ ನೆಟ್ಟಗಿದೆ. ಹೋಗಿರೋದು ಆಮೇಲೆ ಕಲಿತ ಭಾಷೆಗಳು. ಮಾತಿನ ಅಭ್ಯಾಸ ಮಾಡಿಸೋಣ, ಸ್ವಲ್ಪ ಸ್ವಲ್ಪ ವಾಪಸ್ ಬರಬಹುದು. ನಿಲಯ ಬೇಡ, ಶನಿವಾರ ಮನೆಗೆ ಕರ್ಕೊಂಡು ಹೋಗಿ" ಎಂದಳು. ಆಮೇಲೆ ತೇಪೆಗೆ, "ನಾನು ಇನ್ನೊಂದು ಸಲ ಕೇಳಬೇಕಾಗಿತ್ತು" ಎಂದಳು. ತೇಪೆ, "ನಾನೂ ಇಪ್ಪತ್ತೊಂದು ವರ್ಷ ಕೇಳಲಿಲ್ಲ ಡಾಕ್ಟ್ರೇ" ಎಂದಳು.

ಹೊರಡುವ ಮುನ್ನ ತೇಪೆ ಬಾಯ್ಲರ್ ಮಾಮನಿಗೆ ಹೇಳಿದಳು. "ಯಾರೂ ಎಲ್ಲಿಗೂ ವಾಪಸ್ ಕಳಿಸಲ್ಲ, ಜೋರಾಗೇ ಮಾತಾಡಿ ಅಂತ ಹೇಳಿ ಮಾಮ." ಅವನು ಹೇಳಿದ. ಅತ್ತೆ ಕೇಳಿಸಿಕೊಂಡು, ಕೈ ಬೀಸಿ ಏನೋ ಅಂದಳು. "ಅದು ನಂಗೂ ಗೊತ್ತು. ಈ ಕಾಲಲ್ಲಿ ವಾಪಸ್ ಕಳಿಸಬೇಕಂದ್ರೆ ಅವರೇ ಹೊತ್ತುಕೊಂಡು ಹೋಗಬೇಕಾಗುತ್ತೆ ಅಂತಾರೆ" ಎಂದ ಅವನು. ಮಗ ಕಿಟಕಿಯ ಬಳಿಯಿಂದಲೇ ನಕ್ಕ. ಆ ಕೋಣೆಯಲ್ಲಿ ಕಟ್ಟಿಹಿಡಿದಿದ್ದ ಉಸಿರೆಲ್ಲ ಒಟ್ಟಿಗೆ ಬಿಟ್ಟ ಹಾಗಾಯಿತಂತೆ.

ಆಮೇಲಿನದು ನಿಧಾನ. ಮನೆಭಾಷೆ ಅತ್ತೆಗೆ ಚೂರುಚೂರಾಗಿ ಮರಳಿತು. ಮೊದಲು ಬಂದದ್ದು "ಬೇಡ", ಎರಡನೆಯದು "ಹಾಗಲ್ಲ". ತೇಪೆ ಅತ್ತೆಯ ಭಾಷೆಯ ಎಪ್ಪತ್ತು ಪದ ಕಲಿತಳು, ಅದರಲ್ಲಿ ಅರ್ಧ ಅಡುಗೆಮನೆಯ ಸಾಮಾನು. ಬಾಯ್ಲರ್ ಮಾಮ ಭಾನುವಾರ ಭಾನುವಾರ ಅವರ ಮನೆಗೆ ಹೋಗಿ ಊಟ ಮಾಡಿಬರುತ್ತಾನೆ. ಮುದುಕಿಗೂ ಅವನಿಗೂ ದೋಣಿ ನಿಲ್ಲುತ್ತಿದ್ದುದು ಎಡದಂಡೆಯಲ್ಲೋ ಬಲದಂಡೆಯಲ್ಲೋ ಎಂಬ ವಿಷಯದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಈಗ ಅವನು ಚಹಾಕ್ಕೂ ಹೊರಗೆ ಬರುತ್ತಾನೆ. ಇಲ್ಲಿನ ಭಾಷೆಯಲ್ಲಿ ತಪ್ಪು ತಪ್ಪಾಗಿ, ಆದರೆ ನಿಲ್ಲಿಸದೆ ಮಾತಾಡುತ್ತಾನೆ. ಒಮ್ಮೊಮ್ಮೆ ಇವನು ಮೊದಲಿನ ಹಾಗೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಮೇಲ್ವಿಚಾರಕ ಅನ್ನುವುದುಂಟು.

ನನಗೆ ಹೆಚ್ಚು ನೆನಪಿರುವುದು ಆ ಶನಿವಾರ. ಅವರು ಮನೆ ಸೇರಿದರೋ ಇಲ್ಲವೋ ಎಂದು ಮಧ್ಯಾಹ್ನ ಮೂರಕ್ಕೆ ಫೋನು ಮಾಡಿದೆ. ಬಹಳ ಹೊತ್ತು ರಿಂಗಾಯಿತು. ಕೊನೆಗೆ ಎತ್ತಿದ್ದು ತೇಪೆಯಲ್ಲ, ಅತ್ತೆ. ನಾನು ನನಗೆ ಬರುವ ಮೂರು ಭಾಷೆಯಲ್ಲೂ ತೇಪೆ ಎಲ್ಲಿ ಎಂದು ಕೇಳಿದೆ. ಮುದುಕಿ ತಗ್ಗಿದ ದನಿಯಲ್ಲಿ, ಬಹಳ ಖಡಾಖಂಡಿತವಾಗಿ ಎರಡು ಮಾತು ಹೇಳಿ ಫೋನು ಇಟ್ಟುಬಿಟ್ಟಳು.

ಸೋಮವಾರ ಆ ಎರಡು ಮಾತನ್ನು, ನೆನಪಿದ್ದಷ್ಟು, ಬಾಯ್ಲರ್ ಮಾಮನ ಮುಂದೆ ಹೇಳಿದೆ. ಅವನು ನನ್ನ ಉಚ್ಚಾರಣೆಗೆ ಮುಖ ಕಿವುಚಿದ. ಆಮೇಲೆ ಅರ್ಥ ಹೇಳಿದ.

"ಮಲಗಿದ್ದಾಳೆ. ಎಬ್ಬಿಸಲ್ಲ."